ಕಬ್ಬಿನ ಹಾಲು, ಯೀಸ್ಟ್, ಸುಣ್ಣದ ತಿಳಿನೀರು: ನಲವತ್ತು ನಿಮಿಷದಲ್ಲಿ ಇಡೀ ತರಗತಿ ಕೈಯಾರೆ ಮಾಡುವ ಪ್ರಯೋಗ

“ಲ್ಯಾಬ್ ಇಲ್ಲ, ಸೆಕ್ಷನ್‌ಗೆ ಐವತ್ತು ಮಕ್ಕಳು, ನಲವತ್ತು ನಿಮಿಷದ ಪೀರಿಯಡ್. ಇದರಲ್ಲಿ ಪ್ರಯೋಗ ಮಾಡಿಸುವುದು ಹೇಗೆ?” ಮಂಡ್ಯ, ಮೈಸೂರು ಕಡೆಯ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹತ್ತಿಪ್ಪತ್ತು ಚಟುವಟಿಕೆಗಳ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ, ಅಂಥ ಪಟ್ಟಿ ಎಲ್ಲರ ಬೀರುವಿನಲ್ಲೂ ಇದೆ. ಒಂದೇ ಪ್ರಯೋಗವನ್ನು ಸಾಮಾನು ತರುವುದರಿಂದ ಹಿಡಿದು ಬಾಟಲಿ ತೊಳೆದಿಡುವವರೆಗೆ ಇಲ್ಲಿ ಬಿಡಿಸಿ ಹೇಳಿದ್ದೇವೆ. ಇದು ಕೈಗೆ ಹತ್ತಿದರೆ ಉಳಿದವನ್ನು ನೀವೇ ಹೊಂದಿಸಿಕೊಳ್ಳುತ್ತೀರಿ.

ಆರಿಸಿಕೊಂಡಿರುವುದು ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದ ಚಟುವಟಿಕೆ. ಹಣ್ಣಿನ ರಸಕ್ಕೋ ಸಕ್ಕರೆ ದ್ರಾವಣಕ್ಕೋ ಯೀಸ್ಟ್ ಹಾಕಿ, ಹೊರಬರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿ ಎನ್ನುತ್ತದೆ ಪುಸ್ತಕ. ನಮ್ಮ ಕಡೆ ಕಬ್ಬಿನ ಹಾಲು ಇರುವಾಗ ಹಣ್ಣು ಹುಡುಕುವುದು ಬೇಡ. ಯೀಸ್ಟ್ ಒಂದೇ ಜೀವಕೋಶದ ಶಿಲೀಂಧ್ರ. ಆಮ್ಲಜನಕ ಸಾಲದಾಗ ಅದು ಸಕ್ಕರೆಯನ್ನು ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆದು ಶಕ್ತಿ ಪಡೆಯುತ್ತದೆ. ಪುಸ್ತಕದಲ್ಲಿ ಅವಾಯುವಿಕ ಉಸಿರಾಟ ಎಂದಿರುವುದು ಇದನ್ನೇ, ಮನೆಮಾತಿನಲ್ಲಿ ಹುದುಗು ಬರುವುದು. ಕಾರ್ಬನ್ ಡೈಆಕ್ಸೈಡ್ ಹಾಯ್ದರೆ ಸುಣ್ಣದ ತಿಳಿನೀರು ಬೆಳ್ಳಗಾಗುತ್ತದೆ, ಬಂದ ಅನಿಲ ಅದೇ ಎನ್ನಲು ಇದೇ ಗುರುತು.

ಶುರುವಿಗೆ ಮುನ್ನ ಒಂದು ಮಾತು. ಮೇಜಿನ ಮೇಲೆ ನೀವು ಮಾಡಿ ಮಕ್ಕಳು ನೋಡಿದರೆ ಅದು ಪ್ರದರ್ಶನ, ಅಷ್ಟೇ. ಮಕ್ಕಳೇ ಬಾಟಲಿ ಕಟ್ಟಿದರೂ ಉತ್ತರ ಮೊದಲೇ ಗೊತ್ತಿದ್ದರೆ ಅದೂ ಪ್ರದರ್ಶನವೇ. ಏನಾಗಬಹುದೆಂದು ಮೊದಲೇ ಬರೆದಿಟ್ಟು, ಯೀಸ್ಟ್ ಹಾಕಿದ ಬಾಟಲಿಯ ಪಕ್ಕ ಹಾಕದ ಬಾಟಲಿ ಇಟ್ಟು, ತಮ್ಮ ಊಹೆ ನಿಂತಿತೋ ಬಿದ್ದಿತೋ ಎಂದು ತಾವೇ ನೋಡಿದಾಗ ಅದು ಪ್ರಯೋಗವಾಗುತ್ತದೆ. ಆ ಯೀಸ್ಟ್ ಹಾಕದ ಬಾಟಲಿಯನ್ನು ಇಲ್ಲಿ ‘ಹೋಲಿಕೆ ಬಾಟಲಿ’ ಎಂದು ಕರೆದಿದ್ದೇವೆ. ಖರ್ಚು ಉಳಿಸಲು ಏನನ್ನು ಬಿಟ್ಟರೂ ಇದನ್ನು ಮಾತ್ರ ಬಿಡಬೇಡಿ.

ಬೇಕಾಗುವ ಸಾಮಾನು (50 ಮಕ್ಕಳು, ಐದೈದು ಜನರ 10 ತಂಡ)

– ಮದುವೆ ಮನೆಗಳಲ್ಲಿ ಊಟಕ್ಕೆ ಇಡುವ 250 ಮಿ.ಲೀ. ನೀರಿನ ಬಾಟಲಿ, ಮುಚ್ಚಳ ಸಮೇತ 15. ತಂಡಕ್ಕೊಂದರಂತೆ 10, ಎರಡು ತಂಡಕ್ಕೆ ಒಂದು ಹೋಲಿಕೆ ಬಾಟಲಿಯಂತೆ 5.
– ಮೀನಿನ ತೊಟ್ಟಿಗೆ ಗಾಳಿ ಹಾಯಿಸುವ ಪ್ಲಾಸ್ಟಿಕ್ ಟ್ಯೂಬು, 40 ಸೆಂ.ಮೀ. ಉದ್ದದ 15 ತುಂಡು. ಸಿಗದಿದ್ದರೆ ಮೆಡಿಕಲ್ ಶಾಪಿನಿಂದ ಹೊಸ ಡ್ರಿಪ್ ಸೆಟ್ ತನ್ನಿ. ಆಸ್ಪತ್ರೆಯಲ್ಲಿ ಬಳಸಿ ಎಸೆದದ್ದನ್ನು ಯಾರು ಕೊಟ್ಟರೂ ಮುಟ್ಟಬೇಡಿ.
– ಕಬ್ಬಿನ ಹಾಲು ಎರಡೂವರೆ ಲೀಟರ್.
– ಬೇಕರಿ ಸಾಮಾನಿನ ಅಂಗಡಿಯ ಒಣ ಯೀಸ್ಟ್ 30 ಗ್ರಾಂ, ಅಂದರೆ ಸುಮಾರು 10 ಟೀ ಚಮಚ.
– ಎಲೆ ಅಡಿಕೆಗೆ ಹಚ್ಚುವ ಬಿಳಿ ಸುಣ್ಣ, ಸಣ್ಣ ಡಬ್ಬಿ ಒಂದು.
– ಪ್ರನಾಳ (ಟೆಸ್ಟ್ ಟ್ಯೂಬು) 15, 10 ಮಿ.ಲೀ. ಅಥವಾ 20 ಮಿ.ಲೀ. ಅಳತೆಯ, ಸೂಜಿಯಿಲ್ಲದ ಹೊಸ ಸಿರಿಂಜ್‌ಗಳು, ಬಾಟಲಿ ನಿಲ್ಲಿಸಲು ಟಬ್ಬು ಅಥವಾ ಅಗಲ ಪಾತ್ರೆ, ಎಂಸೀಲ್.

1. ಹಿಂದಿನ ದಿನ: ತಿಳಿನೀರು ಮಾಡಿ, ಯೀಸ್ಟ್ ಪರೀಕ್ಷಿಸಿ

ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸುಣ್ಣ ಹಾಕಿ ಚೆನ್ನಾಗಿ ಕುಲುಕಿ. ಸುಣ್ಣ ನೀರಿನಲ್ಲಿ ಕರಗುವುದು ಬಲು ಕಡಿಮೆ, ಲೀಟರಿಗೆ ಒಂದೂವರೆ ಗ್ರಾಂ ಚಿಲ್ಲರೆ ಮಾತ್ರ. ಆದ್ದರಿಂದ ಇನ್ನೂ ನಾಲ್ಕು ಚಮಚ ಸುರಿದರೆ ತಿಳಿನೀರು ‘ಸ್ಟ್ರಾಂಗ್’ ಆಗುವುದಿಲ್ಲ, ತಳದಲ್ಲಿ ಕೆಸರು ಹೆಚ್ಚುತ್ತದೆ. ರಾತ್ರಿಯಿಡೀ ಅಲುಗಿಸದೆ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿ ಫಿಲ್ಟರ್ ಪೇಪರ್‌ನಲ್ಲೋ ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲೋ ಸೋಸಿ, ಬಾಟಲಿಗೆ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡೇ ಸಾಕು, ಮೇಲೆ ತೆಳು ಪೊರೆ ಕಟ್ಟುತ್ತದೆ. ಬಣ್ಣ, ವಾಸನೆ ಬೆರೆಸಿದ ಸುಣ್ಣ ಬೇಡ.

ತಿಳಿನೀರು ನೋಡಲು ಬರೀ ನೀರಿನಂತಿದ್ದರೂ ಅದರ ಪಿಹೆಚ್ 12ರ ಮೇಲಿದೆ, ಅಂದರೆ ಅದು ಬಲವಾದ ಪ್ರತ್ಯಾಮ್ಲ. ಕಣ್ಣಿಗೆ ಸಿಡಿದರೆ ಉಜ್ಜದೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ಸುಟ್ಟ ಸುಣ್ಣದ ಕಲ್ಲು ತಂದು ತರಗತಿಯಲ್ಲಿ ಅರಳಿಸುವ ಸಾಹಸ ಖಂಡಿತ ಬೇಡ, ಅದು ಕುದಿದು ಸಿಡಿಯುತ್ತದೆ.

ಯೀಸ್ಟ್ ಜೀವಂತವಾಗಿದೆಯೇ ಎಂದು ಅವತ್ತೇ ನೋಡಿಕೊಳ್ಳಿ. ಅರ್ಧ ಲೋಟ ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್. ಹತ್ತು ನಿಮಿಷದಲ್ಲಿ ನೊರೆ ಏಳದಿದ್ದರೆ ಪೊಟ್ಟಣ ಹಳೆಯದು, ಬೇರೆ ತನ್ನಿ. ‘ಪ್ರಯೋಗ ಫೇಲಾಯಿತು’ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಸತ್ತ ಯೀಸ್ಟಿನವು.

2. ಬಾಟಲಿ ಕಟ್ಟುವುದು

ಮುಚ್ಚಳದ ನಡುವೆ ಕಾಯಿಸಿದ ಮೊಳೆಯಿಂದ ತೂತು ಮಾಡಿ. ಈ ಕೆಲಸ ನಿಮ್ಮದು, ಮಕ್ಕಳದ್ದಲ್ಲ. ತೂತು ಟ್ಯೂಬಿಗಿಂತ ಕೂದಲೆಳೆಯಷ್ಟು ಚಿಕ್ಕದಿರಲಿ. ಟ್ಯೂಬಿನ ತುದಿಯನ್ನು ಓರೆಯಾಗಿ ಕತ್ತರಿಸಿ ತೂರಿಸಿ, ಒಳಗಿನಿಂದ ಎಳೆದರೆ ಬಿಗಿಯಾಗಿ ಕೂರುತ್ತದೆ. ಮುಚ್ಚಳದಿಂದ ಒಳಕ್ಕೆ ಒಂದು ಸೆಂ.ಮೀ.ಗಿಂತ ಹೆಚ್ಚು ಇಳಿಯಬಾರದು, ಇಳಿದರೆ ನೊರೆ ಟ್ಯೂಬಿಗೆ ಹತ್ತುತ್ತದೆ. ಸುತ್ತ ಎಂಸೀಲ್ ಮೆತ್ತಿ ರಾತ್ರಿ ಒಣಗಲು ಬಿಡಿ. ಅವಸರವಿದ್ದರೆ ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟು ಒಂದು ಪೀರಿಯಡ್‌ಗೆ ತಡೆಯುತ್ತದೆ.

ಸೋರುವಿಕೆ ಪರೀಕ್ಷಿಸಲು ಖಾಲಿ ಬಾಟಲಿ ಮುಚ್ಚಿ, ಟ್ಯೂಬಿನ ತುದಿಯನ್ನು ನೀರಿನಲ್ಲಿಟ್ಟು, ಬಾಟಲಿಯನ್ನು ಮೆಲ್ಲಗೆ ಹಿಸುಕಿ. ಗುಳ್ಳೆ ನೀರಿನಲ್ಲೇ ಬರಬೇಕು, ಮುಚ್ಚಳದ ಬಳಿ ‘ಸುಸ್’ ಸದ್ದು ಕೇಳಬಾರದು. ಕೈ ಬಿಟ್ಟ ತಕ್ಷಣ ನೀರು ಟ್ಯೂಬಿನೊಳಗೆ ಏರುವುದನ್ನೂ ಗಮನಿಸಿ. ಪ್ರಯೋಗದ ನಡುವೆ ಯಾರಾದರೂ ಬಾಟಲಿ ಹಿಸುಕಿ ಬಿಟ್ಟರೆ ಸುಣ್ಣದ ತಿಳಿನೀರು ಹೀಗೆಯೇ ಕಬ್ಬಿನ ಹಾಲಿಗೆ ಹೋಗುತ್ತದೆ. ಹದಿನೈದರ ವಯಸ್ಸಿನ ಮಕ್ಕಳು ಹಿಸುಕಿಯೇ ಹಿಸುಕುತ್ತಾರೆ, ಆದ್ದರಿಂದ ಮೊದಲೇ ಹೇಳಿ.

3. ಪ್ರಯೋಗದ ದಿನ ಬೆಳಿಗ್ಗೆ: ಕಬ್ಬಿನ ಹಾಲು

ಗಾಡಿಯವರಿಗೆ ಐಸು, ನಿಂಬೆ, ಶುಂಠಿ ಯಾವುದೂ ಬೇಡವೆಂದು ಹೇಳಿ ಬರೀ ಹಾಲು ತನ್ನಿ. ಸೋಸಿ, ಒಂದು ಕುದಿ ಬರಿಸಿ, ಮೇಲೆ ಬರುವ ಮಡ್ಡಿ ತೆಗೆದು, ಮುಚ್ಚಿಟ್ಟು ಪೂರ್ತಿ ಆರಲು ಬಿಡಿ. ನಿಂಬೆ ಹಾಕುವ ಮುನ್ನವೂ ಕಬ್ಬಿನ ಹಾಲು ತುಸು ಆಮ್ಲೀಯವೇ, ಪಿಹೆಚ್ ಐದರಿಂದ ಐದೂವರೆಯ ಆಸುಪಾಸು. ಮುಂದೆ ಇದು ಬೇಕಾಗುತ್ತದೆ.

ಕುದಿಸುವುದನ್ನು ಅನೇಕರು ಬಿಟ್ಟುಬಿಡುತ್ತಾರೆ. ಕಬ್ಬಿನ ಸಿಪ್ಪೆಯ ಮೇಲೆ, ಗಾಣದ ರೋಲರ್ ಮೇಲೆ ತಾನಾಗಿಯೇ ಬೆಳೆದ ಯೀಸ್ಟ್, ಬ್ಯಾಕ್ಟೀರಿಯಾ ಇರುತ್ತವೆ. ಹಸಿ ಹಾಲು ಹಾಕಿಟ್ಟ ಹೋಲಿಕೆ ಬಾಟಲಿ ಕೆಲವು ಗಂಟೆಗಳಲ್ಲಿ ತಾನೂ ಹುದುಗತೊಡಗುತ್ತದೆ. ಮೊದಲ ಪೀರಿಯಡ್‌ನಲ್ಲಿ ‘ಎ’ ಸೆಕ್ಷನ್‌ಗೆ ಸರಿ ಬಂದದ್ದು ಕೊನೆಯ ಪೀರಿಯಡ್‌ನಲ್ಲಿ ‘ಬಿ’ ಸೆಕ್ಷನ್‌ಗೆ ಕೆಡುವುದು ಇದರಿಂದಲೇ. ಕುದಿಸಿದ ಹಾಲು ಬಿಸಿಯಿರುವಾಗಲೇ ಯೀಸ್ಟ್ ಹಾಕುವುದು ಇನ್ನೊಂದು ತಪ್ಪು. 55 ಡಿಗ್ರಿ ದಾಟಿದರೆ ಯೀಸ್ಟ್ ಬದುಕುವುದಿಲ್ಲ.

ತರಗತಿಗೆ ಹತ್ತು ನಿಮಿಷ ಮುಂಚೆ 300 ಮಿ.ಲೀ. ಬೆಚ್ಚಗಿನ ನೀರಿಗೆ ಮೂರು ಚಮಚ ಸಕ್ಕರೆ ಕರಗಿಸಿ. ಅದರಲ್ಲಿ 100 ಮಿ.ಲೀ. ತೆಗೆದಿಟ್ಟು, ಉಳಿದ 200 ಮಿ.ಲೀ.ಗೆ ಯೀಸ್ಟ್ ಪೂರ್ತಿ ಕಲಸಿ. ತೆಗೆದಿಟ್ಟ ಸಕ್ಕರೆ ನೀರು ಹೋಲಿಕೆ ಬಾಟಲಿಗಳಿಗೆ. ಎರಡೂ ಬಾಟಲಿಗೆ ಒಂದೇ ಅಳತೆಯ ನೀರು, ಸಕ್ಕರೆ ಬಿದ್ದಿರಬೇಕು, ಯೀಸ್ಟ್ ಒಂದೇ ವ್ಯತ್ಯಾಸವಾಗಿರಬೇಕು. ಜಾಣ ಹುಡುಗಿಯೊಬ್ಬಳು “ಅದಕ್ಕೆ ಸಕ್ಕರೆ ಜಾಸ್ತಿ ಬಿತ್ತಲ್ಲ ಸಾರ್” ಎಂದರೆ ನಿಮ್ಮ ಬಳಿ ಉತ್ತರ ಇರುತ್ತದೆ.

4. ಮೊದಲ ಏಳು ನಿಮಿಷ: ಊಹೆ ಬರೆಸಿ

ಸಾಮಾನು ಹಂಚುವ ಮುನ್ನ ಪ್ರತಿ ತಂಡವೂ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಲಿ: ಯಾವ ಬಾಟಲಿಯಲ್ಲಿ ಏನಾಗುತ್ತದೆ, ಎಷ್ಟು ಹೊತ್ತಿಗೆ, ಯಾಕೆ. ಪೆನ್ನಿನಲ್ಲೇ ಬರೆಯಲಿ, ಆಮೇಲೆ ತಿದ್ದುವ ಹಾಗಿಲ್ಲ. ಪುಸ್ತಕ ಮುಚ್ಚಿರಬೇಕು. ಬರೆದದ್ದು ತಪ್ಪೆಂದು ನೀವು ಮುಖದಲ್ಲೂ ತೋರಿಸಬಾರದು. ನಮ್ಮ ಮಕ್ಕಳಿಗೆ ಸಾರ್ ಮುಖ ನೋಡಿ ಉತ್ತರ ಬದಲಾಯಿಸುವ ಕಲೆ ಚೆನ್ನಾಗಿ ಗೊತ್ತು.

ಕೆಲಸವನ್ನೂ ಆಗಲೇ ಹಂಚಿ: ಅಳೆಯಲು ಒಬ್ಬರು, ಬಾಟಲಿ ಕಟ್ಟಲು ಒಬ್ಬರು, ಪ್ರನಾಳ ಹಿಡಿಯಲು ಒಬ್ಬರು, ಗಡಿಯಾರ ನೋಡಿ ಬರೆಯಲು ಒಬ್ಬರು, ಸಾಮಾನು ತಂದು ತೊಳೆಯಲು ಒಬ್ಬರು. ಹುಡುಗಿಯರು ಬರೆಯುವುದು, ಹುಡುಗರು ಕಟ್ಟುವುದು ಎಂದು ತಾನಾಗಿ ಹಂಚಿಕೆಯಾಗಿಬಿಡುತ್ತದೆ. ಹಾಗಾಗದಂತೆ ನೋಡಿಕೊಳ್ಳಿ.

5. ಮುಂದಿನ ಎಂಟು ನಿಮಿಷ: ಕಟ್ಟಿ ನಿಲ್ಲಿಸಿ

ಒಂದೊಂದು ಬಾಟಲಿಗೆ 120 ಮಿ.ಲೀ. ಆರಿದ ಕಬ್ಬಿನ ಹಾಲು. ತಂಡದ ಬಾಟಲಿಗೆ 20 ಮಿ.ಲೀ. ಯೀಸ್ಟ್ ನೀರು, ಹೋಲಿಕೆ ಬಾಟಲಿಗೆ 20 ಮಿ.ಲೀ. ಸಕ್ಕರೆ ನೀರು. ಮೇಲೆ ಸುಮಾರು ಅರ್ಧ ಬಾಟಲಿ ಖಾಲಿ ಉಳಿಯುತ್ತದೆ, ಅದು ನೊರೆಗೆ. ಒಂದು ಲೀಟರಿನ ಬಾಟಲಿ ಬಳಸಿದರೆ ಒಳಗಿನ ಗಾಳಿಯನ್ನು ತಳ್ಳುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

ಪ್ರನಾಳಕ್ಕೆ 10 ಮಿ.ಲೀ. ತಿಳಿನೀರು ಹಾಕಿ, ಟ್ಯೂಬಿನ ತುದಿ ತಳ ಮುಟ್ಟುವಂತೆ ಇಳಿಸಿ. ಅಗಲ ಬಾಯಿಯ ಲೋಟ ಬೇಡ, ಅದರಲ್ಲಿ ಗಾಳಿಯಿಂದಲೇ ಪೊರೆ ಬರುತ್ತದೆ. ಬಾಟಲಿಗಳನ್ನು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ನಿಲ್ಲಿಸಿ. ಒಂದು ಪಾಲು ಕುದಿಯುವ ನೀರಿಗೆ ಮೂರು ಪಾಲು ನಲ್ಲಿ ನೀರು ಬೆರೆಸಿದರೆ 40 ಡಿಗ್ರಿ ಆಸುಪಾಸಿಗೆ ಬರುತ್ತದೆ, ಯೀಸ್ಟಿಗೆ ಹದವಾದ ಬಿಸಿ ಅದು. ಧನುರ್ಮಾಸದ ಚಳಿಯ ಬೆಳಿಗ್ಗೆ ಟಬ್ಬಿಲ್ಲದೆ ಮಾಡಿದರೆ ಗಂಟೆ ಹೊಡೆಯುವವರೆಗೂ ಏನೂ ಕಾಣಿಸದಿರಬಹುದು.

ಈಗ ಎಲ್ಲರೂ ಎಡವುವ ಜಾಗ. ಟಬ್ಬಿಗಿಟ್ಟ ಎರಡು ಮೂರು ನಿಮಿಷ *ಎರಡೂ* ಬಾಟಲಿಯಿಂದ ಗುಳ್ಳೆ ಬರುತ್ತದೆ. ಮಕ್ಕಳು “ಬಂತು ಬಂತು” ಎನ್ನುತ್ತಾರೆ. ಅದು ಬಿಸಿಗೆ ಹಿಗ್ಗಿದ ಗಾಳಿ. ನೀವು ಬಾಯಿ ಬಿಡಬೇಡಿ. ಹೋಲಿಕೆ ಬಾಟಲಿಯಿಂದಲೂ ಬರುತ್ತಿದೆಯಲ್ಲ ಎಂದು ಯಾರಾದರೂ ಕಂಡುಹಿಡಿಯಲಿ. ಇನ್ನು ಸ್ವಲ್ಪ ಹೊತ್ತಿಗೆ ಒಂದು ನಿಲ್ಲುತ್ತದೆ, ಇನ್ನೊಂದು ಜೋರಾಗುತ್ತದೆ. ತಿಳಿನೀರು ಹಾಲಿನಂತೆ ಬೆಳ್ಳಗಾಗುವುದು ಸಾಮಾನ್ಯವಾಗಿ 10ರಿಂದ 20 ನಿಮಿಷದೊಳಗೆ. ಅದು ಕ್ಯಾಲ್ಸಿಯಂ ಕಾರ್ಬೋನೇಟ್, ನೀರಿನಲ್ಲಿ ಕರಗದ ಬಿಳಿ ಪುಡಿ.

ಬೆಳ್ಳಗಾದದ್ದನ್ನು ಹಾಗೇ ಬಿಟ್ಟು ಅನಿಲ ಹಾಯುತ್ತಲೇ ಇದ್ದರೆ ನೀರು ಮತ್ತೆ ತಿಳಿಯಾಗುತ್ತದೆ. ಹೆಚ್ಚಾದ ಕಾರ್ಬನ್ ಡೈಆಕ್ಸೈಡ್ ಅದನ್ನು ಕರಗುವ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಮಾಡಿಬಿಡುತ್ತದೆ. ಹೆಡ್‌ಮಾಸ್ಟರಿಗೆ ತೋರಿಸೋಣವೆಂದು ಸಂಜೆವರೆಗೆ ಇಟ್ಟವರು ತಿಳಿನೀರು ನೋಡಿ ಕಕ್ಕಾಬಿಕ್ಕಿಯಾಗುವುದು ಇದಕ್ಕೇ. ಬೆಳ್ಳಗಾದ ಕೂಡಲೇ ಟ್ಯೂಬು ತೆಗೆದು ಪ್ರನಾಳವನ್ನು ಪಕ್ಕಕ್ಕಿಡಿ. ಟಬ್ಬಿನಿಂದ ಬಾಟಲಿ ಎತ್ತುವ *ಮುಂಚೆ* ಟ್ಯೂಬು ತೆಗೆಯಬೇಕು, ಇಲ್ಲವಾದರೆ ತಣ್ಣಗಾಗುವ ಬಾಟಲಿ ತಿಳಿನೀರನ್ನು ಒಳಗೆ ಹೀರುತ್ತದೆ.

ಎಚ್ಚರಿಕೆ: ಟ್ಯೂಬು ಕಟ್ಟಿಕೊಂಡಿದೆಯೇ ಎಂದು ಆಗಾಗ ನೋಡಿ. ಟ್ಯೂಬಿಲ್ಲದ ಮುಚ್ಚಳ ಹಾಕಿ ಬಿಗಿಯುವುದು ಅಪಾಯ. 15 ಗ್ರಾಂ ಸಕ್ಕರೆ, ಅಂದರೆ ಸುಮಾರು 100 ಮಿ.ಲೀ. ಕಬ್ಬಿನ ಹಾಲಿನಲ್ಲಿರುವಷ್ಟು, ಪೂರ್ತಿ ಹುದುಗಿದರೆ ಹೊರಬರುವ ಅನಿಲ ನಾಲ್ಕು ಲೀಟರಿಗೂ ಹೆಚ್ಚು. ಬಾಟಲಿ ಒಡೆಯುತ್ತದೆ. ‘ಮನೆಗೆ ತಗೊಂಡು ಹೋಗ್ತೀನಿ ಮಿಸ್’ ಎನ್ನುವವರಿಗೆ ಕೊಡಬೇಡಿ.

6. ಕಾಯುವ ಹೊತ್ತಿಗೆ: ಅರಿಶಿನದ ಪಟ್ಟಿ

ಗುಳ್ಳೆ ಎಣಿಸುತ್ತ ಕೂತರೆ ಹಿಂದಿನ ಬೆಂಚು ಗದ್ದಲ ಶುರುಮಾಡುತ್ತದೆ. ಅದೇ ಕಬ್ಬಿನ ಹಾಲು, ಅದೇ ತಿಳಿನೀರಿನಲ್ಲಿ ‘ಆಮ್ಲಗಳು, ಪ್ರತ್ಯಾಮ್ಲಗಳು’ ಪಾಠದ ತುಣುಕೊಂದನ್ನು ಮುಗಿಸಿ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುಣ್ಣ ಹಾಕುವುದನ್ನು ಮಂಡ್ಯದ ಮಕ್ಕಳಲ್ಲಿ ಎಷ್ಟೋ ಜನ ಕಂಡಿರುತ್ತಾರೆ. ಯಾಕೆ ಹಾಕುತ್ತಾರೆ ಎಂದು ಕೇಳಿ. ಆಮ್ಲ ಹಾಗೇ ಉಳಿದರೆ ಕುದಿಯುವಾಗ ಸುಕ್ರೋಸ್ (ಕಬ್ಬಿನ ಸಕ್ಕರೆ) ಒಡೆದು ಬೆಲ್ಲ ಗಟ್ಟಿಯಾಗಿ ಅಚ್ಚು ಕೂರುವುದಿಲ್ಲ, ಸುಣ್ಣ ಮಿತಿ ಮೀರಿದರೆ ಬೆಲ್ಲ ಕಪ್ಪಾಗುತ್ತದೆ. ಹಾಗಾದರೆ ಎಷ್ಟು ಸಾಕು? ಇದನ್ನೇ ಅಳೆಯಲಿ.

ಒಂದು ಚಮಚ ಅರಿಶಿನವನ್ನು 25 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಕಿ ಸೋಸಿ, ಫಿಲ್ಟರ್ ಪೇಪರ್ ಪಟ್ಟಿ ಅದ್ದಿ ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ. ಇದೂ ಹಿಂದಿನ ದಿನದ ಕೆಲಸ, ಹತ್ತಿರ ಬೆಂಕಿ ಇರಬಾರದು. ಅರಿಶಿನದ ಬಣ್ಣ ನೀರಿನಲ್ಲಿ ಕರಗದ ಕಾರಣ ಸ್ಪಿರಿಟ್ಟೇ ಬೇಕು. ತರಗತಿಯಲ್ಲಿ 10 ಮಿ.ಲೀ. ಕಬ್ಬಿನ ಹಾಲಿಗೆ ಸಿರಿಂಜಿನಿಂದ ಒಂದೊಂದೇ ಮಿ.ಲೀ. ತಿಳಿನೀರು ಸೇರಿಸುತ್ತ, ಪ್ರತಿ ಸಲ ಪಟ್ಟಿಗೆ ಒಂದು ಹನಿ ಮುಟ್ಟಿಸಿ. ಹಳದಿ ಹೋಗಿ ಕೆಂಪಾದ ಕ್ಷಣ ಎಷ್ಟು ಹಿಡಿಯಿತೆಂದು ಬರೆಯಲಿ. ಆರತಿಯ ಓಕುಳಿ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ ಎಂದು ಮಕ್ಕಳೇ ಹೇಳುತ್ತಾರೆ.

ಅರಿಶಿನಕ್ಕೆ ಒಂದು ಮಿತಿ ಇದೆ. ಅದು ಕೆಂಪಾಗುವುದು ಪಿಹೆಚ್ ಏಳೂವರೆ ದಾಟಿದ ಮೇಲೆ. ಆಮ್ಲದಲ್ಲೂ ಹಳದಿ, ಬರೀ ನೀರಿನಲ್ಲೂ ಹಳದಿ. ‘ಹಳದಿಯೇ ಇದೆ, ಆದ್ದರಿಂದ ಆಮ್ಲ’ ಎಂದು ಬರೆದ ವರದಿಗೆ ಸರಿ ಗುರುತು ಹಾಕಬೇಡಿ. ಆಮ್ಲ ತೋರಿಸಬೇಕಿದ್ದರೆ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ ಸೂಚಕ ಬಳಸಿ: ಆಮ್ಲಕ್ಕೆ ಗುಲಾಬಿ, ಪ್ರತ್ಯಾಮ್ಲಕ್ಕೆ ಹಸಿರು. ಕಬ್ಬಿನ ಹಾಲಿಗೇ ತನ್ನ ಬಣ್ಣವಿರುವುದರಿಂದ ದಾಸವಾಳವನ್ನು ಅದಕ್ಕೆ ಸುರಿದರೆ ಏನೂ ತಿಳಿಯದು, ಪಟ್ಟಿ ಮಾಡಿಯೇ ಬಳಸಬೇಕು. ಜೆರಾಕ್ಸ್ ಹಾಳೆಯ ಪಟ್ಟಿ ಬೇಡ. ಅದರಲ್ಲಿ ತುಂಬಿರುವ ಕ್ಯಾಲ್ಸಿಯಂ ಕಾರ್ಬೋನೇಟ್ ದಾಸವಾಳದ ಬಣ್ಣವನ್ನು ಮೊದಲೇ ಕೆಡಿಸುತ್ತದೆ.

7. ಕೊನೆಯ ಎಂಟು ನಿಮಿಷ, ಮತ್ತು ಮುಂದಿನ ವಾರ

ಊಹೆಯ ಹಾಳೆ ತೆಗೆಸಿ, ಪಕ್ಕದಲ್ಲಿ ಕಂಡದ್ದನ್ನು ಬರೆಸಿ. ಆಮೇಲೆ ಒಂದೇ ಪ್ರಶ್ನೆ: “ಅನಿಲ ಬಂದದ್ದು ಯೀಸ್ಟ್ ಜೀವಂತ ಇದ್ದದ್ದರಿಂದ ಅಂತ ಹೇಗೆ ಹೇಳ್ತೀರಿ?” ಎರಡು ಬಾಟಲಿಗಳಿಂದ ಇದಕ್ಕೆ ಉತ್ತರವಿಲ್ಲ. ಕುದಿಸಿ ಆರಿಸಿದ ಯೀಸ್ಟ್ ಹಾಕಿದ ಮೂರನೆಯ ಬಾಟಲಿ ಬೇಕೆಂದು ಯಾವುದಾದರೂ ತಂಡ ಕೇಳಿದರೆ ಆ ಪೀರಿಯಡ್ ಗೆದ್ದಂತೆ. ಕೇಳದಿದ್ದರೆ ನೀವೇ ಹೇಳಿಕೊಡಲು ಹೋಗಬೇಡಿ, ಮರುದಿನ ಮತ್ತೆ ಕೇಳಿ. ಹುಷಾರಾದ ಮಗು “ಕುದಿಸಿದರೆ ಕಿಣ್ವಗಳೂ ಕೆಡುತ್ತವಲ್ಲ” ಎಂದರೆ ಅದೂ ಸರಿ. ಕಿಣ್ವ ಎಂದರೆ ಜೀವಕೋಶದೊಳಗೆ ಕ್ರಿಯೆ ನಡೆಸುವ ಪ್ರೋಟೀನು. ಅರೆದು ಹಿಂಡಿದ, ಜೀವಕೋಶವೇ ಇಲ್ಲದ ಯೀಸ್ಟಿನ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು 1897ರಲ್ಲಿ ತೋರಿಸಿದ ಜರ್ಮನ್ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಬುಕ್ನರ್‌ಗೆ 1907ರಲ್ಲಿ ನೊಬೆಲ್ ಬಂತು.

ಮುಂದಿನ ವಾರ ಒಂದೊಂದು ತಂಡ ಒಂದೊಂದು ಅಂಶ ಮಾತ್ರ ಬದಲಿಸಲಿ. ಸೃಜನಶೀಲತೆ ಬರುವುದು ಇಲ್ಲಿ, ಚಾರ್ಟಿಗೆ ಬಣ್ಣ ಬಳಿಯುವುದರಲ್ಲಿ ಅಲ್ಲ. ಬೆಲ್ಲದ ನೀರು, ಉಪ್ಪು ಬೆರೆಸಿದ ಕಬ್ಬಿನ ಹಾಲು, ತಣ್ಣೀರಿನ ಟಬ್ಬು ಇವೆಲ್ಲ ಸಲೀಸು. ಹಸುವಿನ ಹಾಲು ಹಾಕಲು ಯಾರಾದರೂ ಹೊರಟರೆ ತಡೆಯಬೇಡಿ. ಹಾಲಿನಲ್ಲೂ ಸಕ್ಕರೆ ಇದೆ, ಆದರೆ ಅದು ಲ್ಯಾಕ್ಟೋಸ್. ಬೇಕರಿ ಯೀಸ್ಟಿಗೆ ಅದನ್ನು ಒಡೆಯುವ ಕಿಣ್ವವಿಲ್ಲ, ಹಾಗಾಗಿ ಅನಿಲ ಬಹುತೇಕ ಬರುವುದೇ ಇಲ್ಲ. ರಾಗಿ ಹಿಟ್ಟು ಮತ್ತು ಮೊಳಕೆ ಕಟ್ಟಿಸಿ ಬಿಸಿಲಲ್ಲಿ ಒಣಗಿಸಿದ ರಾಗಿಯ ಹಿಟ್ಟನ್ನು ಹೋಲಿಸುವುದು ಇನ್ನೂ ಸ್ವಾರಸ್ಯ. ಯೀಸ್ಟ್ ಪಿಷ್ಟವನ್ನು ನೇರ ತಿನ್ನಲಾರದು, ಮೊಳಕೆಯ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡಿಕೊಡುತ್ತದೆ. ಹುರಿದ ಹಿಟ್ಟಾದರೆ ಆ ಕಿಣ್ವ ಕೆಟ್ಟಿರುತ್ತದೆ. ಇದಕ್ಕೆ ಒಂದು ಪೀರಿಯಡ್ ಸಾಲದು, ಬೆಳಿಗ್ಗೆ ಇಟ್ಟು ಮಧ್ಯಾಹ್ನ ನೋಡಿ.

ಎಷ್ಟು ಅನಿಲ ಬಂತೆಂದು ಅಳೆಯಲು ಗುಳ್ಳೆ ಎಣಿಸುವುದು ನಂಬಿಕೆಗೆ ಅರ್ಹವಲ್ಲ, ಒಂದು ಟ್ಯೂಬಿನ ಗುಳ್ಳೆ ಇನ್ನೊಂದಕ್ಕಿಂತ ದೊಡ್ಡದಿರಬಹುದು. ನೀರು ತುಂಬಿದ ಅಳತೆ ಜಾಡಿಯನ್ನು ನೀರಿನಲ್ಲಿ ತಲೆಕೆಳಗಾಗಿಸಿ ಅದರೊಳಗೆ ಟ್ಯೂಬು ಬಿಡಿ, ಎಷ್ಟು ನೀರು ಇಳಿಯಿತೋ ಅಷ್ಟು ಅನಿಲ. ಬಲೂನು ಕಟ್ಟಿದರೆ ಮಕ್ಕಳಿಗೆ ಖುಷಿ, ಆದರೆ ಅದು ಅನಿಲ ಯಾವುದೆಂದು ಹೇಳುವುದಿಲ್ಲ.

8. ತೊಳೆಯುವುದು, ದಾಖಲೆ

ಹುದುಗಿದ ಹಾಲನ್ನು ಯಾರೂ ರುಚಿ ನೋಡಬಾರದು. ಅದೇ ದಿನ ಎಲ್ಲರ ಎದುರೇ ನೀರು ಬೆರೆಸಿ ಚರಂಡಿಗೆ ಚೆಲ್ಲಿ. ಶಾಲೆಯಲ್ಲಿ ಹೆಂಡ ಮಾಡಿಸುತ್ತಾರೆಂದು ಊರಲ್ಲಿ ಮಾತು ಹುಟ್ಟಲು ಒಂದು ರಾತ್ರಿ ಉಳಿದ ಬಾಟಲಿ ಸಾಕು. ಬೆಳ್ಳಗಾದ ಪ್ರನಾಳವನ್ನು ನೀರಿನಲ್ಲಿ ಉಜ್ಜಿದರೆ ಹೋಗುವುದಿಲ್ಲ, ಸ್ವಲ್ಪ ವಿನೆಗರ್ ಅಥವಾ ನಿಂಬೆ ರಸ ಹಾಕಿ. ಕಾರ್ಬೋನೇಟ್ ಆಮ್ಲದೊಡನೆ ನೊರೆಯುವುದನ್ನು ತೊಳೆಯುವ ಪಾಳಿಯವರು ನೋಡಲಿ, ಅದೂ ಪಾಠದಲ್ಲಿದೆ. ಟ್ಯೂಬಿಗೆ ಕೂಡಲೇ ನೀರು ಹಾಯಿಸಿ, ಒಣಗಿದರೆ ಸಕ್ಕರೆ ಅಂಟಿ ಮುಂದಿನ ಸಲ ಕಟ್ಟಿಕೊಳ್ಳುತ್ತದೆ.

ರೂಪಣಾತ್ಮಕ ಮೌಲ್ಯಮಾಪನಕ್ಕೆ (ಕಲಿಕೆಯ ನಡುವೆಯೇ ಮಾಡುವ ಮೌಲ್ಯಮಾಪನ) ಅಂಕ ಕೊಡುವಾಗ ಊಹೆ ಸರಿಯಿತ್ತೇ ಎಂದು ನೋಡಬೇಡಿ. ಹಾಳೆಯಲ್ಲಿ ನಾಲ್ಕು ಸಂಗತಿ ಇವೆಯೇ ನೋಡಿ: ಮೊದಲು ಬರೆದ ಊಹೆ ತಿದ್ದದೆ ಉಳಿದಿದೆಯೇ, ಹೋಲಿಕೆ ಬಾಟಲಿಯಲ್ಲಿ ಕಂಡದ್ದೂ ಬರೆದಿದೆಯೇ, ಸಮಯ ಮತ್ತು ಅಳತೆ ಅಂಕಿಯಲ್ಲಿದೆಯೇ, ಊಹೆಗೂ ಕಂಡದ್ದಕ್ಕೂ ಇರುವ ಅಂತರಕ್ಕೆ ಕಾರಣ ಹುಡುಕಿದ್ದಾರೆಯೇ. ತಿಳಿನೀರು ಬೆಳ್ಳಗಾಗದ ತಂಡ ಮುಚ್ಚಳ ಸೋರುತ್ತಿದ್ದುದನ್ನು ಕಂಡುಹಿಡಿದು ಬರೆದಿದ್ದರೆ ಪೂರ್ತಿ ಅಂಕ ಕೊಡಿ. ಪಕ್ಕದ ತಂಡದ್ದನ್ನು ನೋಡಿ ‘ಬೆಳ್ಳಗಾಯಿತು’ ಎಂದು ಬರೆದಿದ್ದರೆ ಕೊಡಬೇಡಿ.